ದೆವ್ವ ತಡವಾಗಿ ಬರಲಿ

ಭಯದ ಕತೆ ಬರೆಯುವವರಿಂದ ಬಂದ ಪತ್ರಗಳಿಗೆ ಈ ಬಾರಿ ಉತ್ತರ. ಹೆಸರು ಹಾಕಬೇಡಿ ಎಂದು ಕೆಲವರು ಕೇಳಿಕೊಂಡಿರುವುದರಿಂದ ಎಲ್ಲರದ್ದೂ ಊರಷ್ಟೇ ಕೊಟ್ಟಿದ್ದೇವೆ.

ಪ್ರಶ್ನೆ: ನಾನು ಬ್ಯಾಂಕ್ ಉದ್ಯೋಗಿ. ಬಿಡುವಿನಲ್ಲಿ ದೆವ್ವದ ಕತೆ ಬರೆಯುತ್ತೇನೆ. ಓದಲು ಕೊಟ್ಟರೆ ಗೆಳೆಯರು ನಗುತ್ತಾರೆ, ಅದೂ ದೆವ್ವ ಕಾಣಿಸಿಕೊಳ್ಳುವ ಜಾಗದಲ್ಲೇ. ನನಗೆ ಈ ಬರವಣಿಗೆ ಒಲಿಯುವುದಿಲ್ಲವೇ? ಒಂದು ಕತೆ ಜೊತೆಗಿಟ್ಟಿದ್ದೇನೆ. (ತೀರ್ಥಹಳ್ಳಿ)

ಉತ್ತರ: ಹೆದರಲಿ ಎಂದು ಬರೆದದ್ದಕ್ಕೆ ನಕ್ಕುಬಿಟ್ಟರೆ ಮನಸ್ಸು ಮುದುಡುವುದು ಸಹಜ. ಆದರೆ ನಿಮ್ಮ ಕತೆಯನ್ನು ನಿಧಾನವಾಗಿ ಓದಿದ್ದೇನೆ. ಒಲಿಯುವುದಿಲ್ಲ ಎನ್ನುವಂಥದ್ದು ಅಲ್ಲೇನೂ ಕಾಣಲಿಲ್ಲ. ಕಾಣಿಸಿದ್ದು ಅವಸರ.

ಮೊದಲ ಪುಟದಲ್ಲೇ ಅಮಾವಾಸ್ಯೆ, ನಾಯಿಯ ಊಳು, ಬಿಳಿ ಸೀರೆ, ಗೆಜ್ಜೆಯ ಸದ್ದು ಎಲ್ಲವೂ ಬಂದುಬಿಟ್ಟಿವೆ. ಇವನ್ನೆಲ್ಲ ನಿಮ್ಮ ಗೆಳೆಯರು ಸಿನಿಮಾಗಳಲ್ಲಿ ನೋಡಿ ನೋಡಿ ದಣಿದಿದ್ದಾರೆ. ಹೆದರುವ ಮೊದಲೇ ಮುಂದೇನೆಂದು ಊಹಿಸುತ್ತಾರೆ, ಊಹೆ ನಿಜವಾದಾಗ ನಗುತ್ತಾರೆ. ಅವರ ತಪ್ಪೇನಿಲ್ಲ.

ಮೂರನೆಯ ಪುಟದಲ್ಲಿ ಒಂದು ಸಾಲಿದೆ. ತೀರಿಕೊಂಡ ಅಜ್ಜಿಯ ಕುಟ್ಟಾಣಿಯ (ಹಲ್ಲಿಲ್ಲದವರು ಎಲೆಅಡಿಕೆ ಜಜ್ಜಿಕೊಳ್ಳುವ ಪುಟ್ಟ ಸಾಧನ) ಸದ್ದು ಮೊಮ್ಮಗನಿಗೆ ಕೇಳಿಸುತ್ತದೆ. ನೀವು ಅದನ್ನು ಅಲ್ಲೇ ಬಿಟ್ಟು ಸ್ಮಶಾನಕ್ಕೆ ಓಡಿದ್ದೀರಿ. ಕತೆ ಇರುವುದು ಆ ಸಾಲಿನಲ್ಲಿ.

ಹೀಗೆ ಮಾಡಿ ನೋಡಿ. ಅಜ್ಜಿ ಬದುಕಿದ್ದಾಗಿನ ಎರಡು ಪುಟ ಬರೆಯಿರಿ. ಊಟವಾದ ಮೇಲೆ ಅವಳು ಜಗಲಿಯಲ್ಲಿ ಕೂತು ಕುಟ್ಟುವುದು, ಮೊಮ್ಮಗ ಸುಣ್ಣದ ಡಬ್ಬಿ ಅಡಗಿಸಿಡುವುದು, ಅವಳು ಬಯ್ಯುತ್ತಲೇ ನಗುವುದು ಎಲ್ಲ ಬರಲಿ. ಅವಳ ಮೇಲೆ ಓದುಗರಿಗೆ ಪ್ರೀತಿ ಹುಟ್ಟಬೇಕು. ಅವಳು ಹೋದ ಮೇಲೆ ಮಧ್ಯಾಹ್ನ ಆ ಸದ್ದು ಕೇಳಿದಾಗ ಮನೆಯವರಿಗೆ ಮೊದಲು ಸಮಾಧಾನವೇ ಆಗಲಿ. ಅಜ್ಜಿ ಇಲ್ಲೇ ಇದ್ದಾಳೆ ಎಂದು ಸೊಸೆ ಕಣ್ಣೊರೆಸಿಕೊಳ್ಳಲಿ. ಆಮೇಲೊಂದು ದಿನ ಸದ್ದು ನಡುರಾತ್ರಿ ಬರಲಿ, ಜಗಲಿಯ ಬದಲು ಮಗು ಮಲಗಿರುವ ಕೋಣೆಯಿಂದ. ಬೆಳಿಗ್ಗೆ ಮಗುವಿನ ತುಟಿ ಕೆಂಪಗಿರಲಿ. ಬಿಳಿ ಸೀರೆ ಎಲ್ಲೂ ಬೇಕಾಗುವುದಿಲ್ಲ.

ತೋರಿಸದೇ ಹೆದರಿಸುವುದಕ್ಕೆ ಇಂಗ್ಲಿಷ್ ಕತೆಗಾರ ಡಬ್ಲ್ಯು.ಡಬ್ಲ್ಯು. ಜೇಕಬ್ಸ್ 1902ರಲ್ಲಿ ಪ್ರಕಟಿಸಿದ ‘ದಿ ಮಂಕೀಸ್ ಪಾ’ ಈಗಲೂ ಒಳ್ಳೆಯ ಪಾಠ. ಮೂರು ವರ ಕೊಡುವ ಒಣಗಿದ ಕೋತಿಯ ಪಂಜ ಒಂದು ಮನೆಗೆ ಬರುತ್ತದೆ. ಅಪ್ಪ 200 ಪೌಂಡ್ ಕೇಳುತ್ತಾನೆ. ಮಗ ಕಾರ್ಖಾನೆಯ ಯಂತ್ರಕ್ಕೆ ಸಿಕ್ಕಿ ಸಾಯುತ್ತಾನೆ, ಪರಿಹಾರವಾಗಿ ಅಷ್ಟೇ ಹಣ ಬರುತ್ತದೆ. ಅಮ್ಮನ ಹಟಕ್ಕೆ ಎರಡನೆಯ ವರ: ಮಗ ಮರಳಿ ಬರಲಿ. ರಾತ್ರಿ ಬಾಗಿಲು ಬಡಿಯುವ ಸದ್ದಾಗುತ್ತದೆ. ಅಮ್ಮ ಚಿಲಕ ತೆಗೆಯಲು ಪರದಾಡುತ್ತಿದ್ದರೆ ಅಪ್ಪ ಕತ್ತಲಲ್ಲಿ ತಡಕಾಡಿ ಪಂಜ ಹುಡುಕಿ ಕೊನೆಯ ವರ ಕೇಳುತ್ತಾನೆ. ಬಾಗಿಲು ತೆರೆದಾಗ ಬೀದಿ ಖಾಲಿ. ಹೊರಗೆ ನಿಂತಿದ್ದದ್ದು ಹೇಗಿತ್ತೆಂದು ಜೇಕಬ್ಸ್ ಹೇಳುವುದೇ ಇಲ್ಲ. ಅಮ್ಮನ ಆಸೆ, ಅಪ್ಪನ ಭಯ ಎರಡೂ ನ್ಯಾಯವೇ ಆದದ್ದರಿಂದ ಓದುವವರು ನಡುವೆ ಸಿಕ್ಕಿಕೊಳ್ಳುತ್ತಾರೆ.

ಕನ್ನಡದಲ್ಲಿ ಓದಬೇಕೆಂದರೆ ದೆವ್ವದ ಪುಸ್ತಕವನ್ನೇ ಹುಡುಕಬೇಡಿ. ಪೂರ್ಣಚಂದ್ರ ತೇಜಸ್ವಿಯವರು ಕನ್ನಡಕ್ಕೆ ತಂದ, ಬೇಟೆಗಾರ ಜಿಮ್ ಕಾರ್ಬೆಟ್‌ನ ರುದ್ರಪ್ರಯಾಗದ ನರಭಕ್ಷಕ ಚಿರತೆಯ ಕತೆ ತೆಗೆದುಕೊಳ್ಳಿ. 1918ರಿಂದ 1926ರವರೆಗೆ ಆ ಚಿರತೆ ಸರ್ಕಾರಿ ಲೆಕ್ಕದಲ್ಲೇ 125 ಜನರನ್ನು ಕೊಂದಿತು. ಪುಸ್ತಕದ ಹೆಚ್ಚಿನ ಪುಟಗಳಲ್ಲಿ ಚಿರತೆ ಕಾಣಿಸುವುದಿಲ್ಲ. ಕತ್ತಲಾಗುತ್ತಲೇ ಅಗುಳಿ ಹಾಕಿಕೊಂಡ ಮನೆಗಳು, ಕಾಯುವ ಮನುಷ್ಯ, ಇಷ್ಟೇ. ಎಲ್ಲಿ ನಿಮ್ಮ ಉಸಿರು ಬಿಗಿಯಾಯಿತೋ ಅಲ್ಲಿ ಪೆನ್ಸಿಲ್‌ನಿಂದ ಗುರುತು ಹಾಕಿ, ಅದರ ಹಿಂದಿನ ಪುಟದಲ್ಲಿ ಲೇಖಕ ಏನು ಮಾಡಿದ್ದಾನೆಂದು ಮತ್ತೆ ಓದಿ.

ಪ್ರಶ್ನೆ: ಮನೆಯವರೆಲ್ಲ ಮಲಗಿದ ಮೇಲೆ ಬರೆಯಲು ಕೂರುತ್ತೇನೆ. ಬರೆದದ್ದಕ್ಕೆ ನಾನೇ ಹೆದರಿ ನಿದ್ದೆ ಬರುವುದಿಲ್ಲ. “ರಾತ್ರಿ ಹೊತ್ತಿನ್ಯಾಗ ಇಂಥಾದ್ದೆಲ್ಲಾ ಬರೀಬಾರ್ದವ್ವಾ” ಅಂತ ಅತ್ತೆಯವರೂ ಹೇಳುತ್ತಾರೆ. ಬಿಡಬೇಕೇ? (ಧಾರವಾಡ)

ಉತ್ತರ: ಬಿಡಬೇಕಿಲ್ಲ. ನಿಮಗೆ ಭಯವಾಗುತ್ತದೆ ಎಂದರೆ ಬರೆದದ್ದು ಎಲ್ಲೋ ನಿಜವಾದ ಜಾಗಕ್ಕೆ ತಾಗಿದೆ ಎಂದೇ ಅರ್ಥ. ಏನೂ ಅನ್ನಿಸದೆ ಬರೆದದ್ದು ಬೇರೆಯವರನ್ನು ಹೆದರಿಸುವುದು ಅಪರೂಪ.

ಆದರೆ ನಿದ್ದೆ ಕೆಡಿಸಿಕೊಳ್ಳಬೇಡಿ. ಭಯದ ಭಾಗಗಳನ್ನು ಹಗಲಿನಲ್ಲಿ ಬರೆಯಿರಿ, ರಾತ್ರಿ ತಿದ್ದುವ ಕೆಲಸವಷ್ಟೇ ಇರಲಿ. ದೆವ್ವ ಬಾಗಿಲಲ್ಲಿ ನಿಂತಿರುವಾಗ ಪೆನ್ನು ಕೆಳಗಿಡಬೇಡಿ. ಅದನ್ನು ದಾಟಿಸಿ, ಯಾರಾದರೂ ಚಹಾ ಕಾಯಿಸುವ ಸಾಲಿಗೆ ತಂದು ನಿಲ್ಲಿಸಿ. ಹೀಗೆ ಮಾಡಿಯೂ ವಾರಗಟ್ಟಲೆ ನಿದ್ದೆ ಬಾರದಿದ್ದರೆ, ಬರೆಯದ ದಿನಗಳಲ್ಲೂ ಭಯ ಬಿಡದಿದ್ದರೆ ವೈದ್ಯರನ್ನು ಕಾಣಿ. ಸರ್ಕಾರದ ಟೆಲಿ-ಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಅದರಲ್ಲಿ ಸಂಕೋಚಪಡುವಂಥದ್ದು ಏನೂ ಇಲ್ಲ.

ಅತ್ತೆಯವರ ಮಾತಿಗೆ ಎದುರಾಡಬೇಡಿ. ಮಧ್ಯಾಹ್ನ ಅವರ ಪಕ್ಕ ಕೂತು, ಸಣ್ಣವರಿದ್ದಾಗ ಯಾವುದಕ್ಕೆ ಹೆದರುತ್ತಿದ್ದಿರಿ ಎಂದು ಕೇಳಿ. ಒಳ್ಳೆಯ ಕತೆ ಅವರ ಬಳಿಯೇ ಇದ್ದೀತು.

ಪ್ರಶ್ನೆ: ನಮ್ಮ ಕಡೆಯ ದೈವವನ್ನು ಇಟ್ಟುಕೊಂಡು ಹಾರರ್ ಕಾದಂಬರಿ ಬರೆಯುವ ಆಸೆ. ಊರವರಿಗೆ ನೋವಾದೀತೆಂಬ ಅಳುಕೂ ಇದೆ. (ಬಂಟ್ವಾಳ)

ಉತ್ತರ: ನಿಮ್ಮ ಅಳುಕು ಸರಿಯಾದದ್ದೇ, ಅದನ್ನು ಹಾಗೇ ಇಟ್ಟುಕೊಳ್ಳಿ. ತುಳುನಾಡಿನಲ್ಲಿ ದೈವವೆಂದರೆ ಕಾಯುವ, ನ್ಯಾಯ ಹೇಳುವ ಶಕ್ತಿ. ಜನ ಅದರ ಮುಂದೆ ಕೈಮುಗಿದು ಹರಕೆ ಹೊರುತ್ತಾರೆ. ಅದನ್ನು ಬಾವಿಕಟ್ಟೆಯ ಪಿಶಾಚಿಯ ಹಾಗೆ ನಾಯಕಿಯ ಹಿಂದೆ ಓಡಿಸಿದರೆ ಊರವರಿಗೆ ನೋವಾಗುವುದು ಒಂದು ಕಡೆ, ಕತೆಯೂ ಸುಳ್ಳಾಗುತ್ತದೆ.

ಪಾಡ್ದನಗಳನ್ನು (ದೈವಗಳ ಹುಟ್ಟು, ಪ್ರಸರಣ ಹೇಳುವ ತುಳು ಹಾಡುಗತೆಗಳು) ಕೇಳಿಸಿಕೊಳ್ಳಿ. ಕಲ್ಕುಡ–ಕಲ್ಲುರ್ಟಿಯರ ಕತೆ ನಿಮಗೆ ಗೊತ್ತೇ ಇರುತ್ತದೆ. ಕಾರ್ಕಳದ ಗೊಮ್ಮಟನನ್ನು ನಿಲ್ಲಿಸಿದ್ದು 1432ರಲ್ಲಿ. ಅದನ್ನು ಕೆತ್ತಿದ ಶಿಲ್ಪಿ ಕಲ್ಕುಡ ಇನ್ನೆಲ್ಲೂ ಅಂಥದ್ದನ್ನು ಕೆತ್ತಬಾರದೆಂದು ಅರಸ ಅವನ ಒಂದು ಕೈ, ಒಂದು ಕಾಲು ಕಡಿಸಿದನೆಂದು ಪಾಡ್ದನ ಹೇಳುತ್ತದೆ. ಅವನೂ ತಂಗಿ ಕಲ್ಲುರ್ಟಿಯೂ ದೈವಗಳಾಗಿ ಬಂದು ಕೇಳುವುದು ಆ ಅನ್ಯಾಯದ ಲೆಕ್ಕವನ್ನು. ಇಲ್ಲಿ ನಡುಗಬೇಕಾದವನು ತಪ್ಪು ಮಾಡಿದವನು. ನಿಮ್ಮ ಕಾದಂಬರಿಯನ್ನೂ ಅವನ ಕಡೆಯಿಂದ ಬರೆಯಿರಿ: ಹರಕೆ ಮರೆತವನು, ಜಾಗ ನುಂಗಿದವನು, ಕೋಲದ (ದೈವದ ಆರಾಧನೆಯ) ದಿನ ಊರಿಗೆ ಬರಲು ಹೆದರುವವನು. ದೈವದ ಹೆಸರು, ಗುತ್ತಿನ ಮನೆ (ಊರಿನ ಮುಖ್ಯ ಮನೆತನ) ನಿಜವಾದವು ಬೇಡ. ಬರೆದಾದ ಮೇಲೆ, ಅಚ್ಚಿಗೆ ಹೋಗುವ ಮುಂಚೆ, ದೈವದ ಚಾಕರಿ ಮಾಡುವ ಕುಟುಂಬದ ಒಬ್ಬರಿಗೆ ಓದಿ ಹೇಳಿ.

ಪ್ರಶ್ನೆ: ಒಂದು ಆಡಿಯೊ ಚಾನೆಲ್‌ನವರು ನನ್ನ ಕತೆಗೆ 1,500 ರೂಪಾಯಿ ಕೊಡುತ್ತಾರಂತೆ. ‘ಎಲ್ಲ ಹಕ್ಕೂ ನಮ್ಮದು’ ಎಂದು ವಾಟ್ಸ್‌ಆ್ಯಪ್ ಮಾಡಿದ್ದಾರೆ. ಬೇಡವೆಂದರೆ ಮತ್ತೆ ಯಾರೂ ಕೇಳಲಿಕ್ಕಿಲ್ಲ ಎಂಬ ಹೆದರಿಕೆ. ನಾನು ಕತೆಯನ್ನು ನೋಂದಾಯಿಸಿಯೂ ಇಲ್ಲ. (ಬೆಂಗಳೂರು)

ಉತ್ತರ: ಮೊದಲ ಸಂಪಾದನೆ ಕೈತಪ್ಪೀತೆಂಬ ಹೆದರಿಕೆ ಎಲ್ಲ ಹೊಸ ಲೇಖಕರಿಗೂ ಇರುತ್ತದೆ. ನೋಂದಣಿಯ ಚಿಂತೆ ಮಾತ್ರ ಬಿಡಿ. 1957ರ ಹಕ್ಕುಸ್ವಾಮ್ಯ ಕಾಯ್ದೆಯಂತೆ ಕತೆ ಬರೆದಾಗಲೇ ಹಕ್ಕು ನಿಮ್ಮದಾಯಿತು. ಅದು ನಿಮ್ಮ ಜೀವಮಾನವಿಡೀ, ಆನಂತರ 60 ವರ್ಷ ಇರುತ್ತದೆ. ನೋಂದಣಿ ಮಾಡಿಸಿದ್ದರೆ ಸಾಕ್ಷಿಗೆ ಅನುಕೂಲ, ಅಷ್ಟೇ.

‘ಎಲ್ಲ ಹಕ್ಕು’ ಎಂದರೆ ಪುಸ್ತಕ, ಅನುವಾದ, ಸಿನಿಮಾ ಎಲ್ಲವೂ ಸೇರಿತು. ಅವರಿಗೆ ಬೇಕಿರುವುದು ಓದಿ ಹೇಳುವುದಕ್ಕೆ ಅನುಮತಿ, ಅಷ್ಟನ್ನೇ ಕೊಡಿ. “ಕನ್ನಡದಲ್ಲಿ ಧ್ವನಿರೂಪಕ್ಕೆ ಮಾತ್ರ, ಎರಡು ವರ್ಷದ ಅವಧಿಗೆ, ಲೇಖಕರ ಹೆಸರು ಹೇಳತಕ್ಕದ್ದು, ಉಳಿದ ಹಕ್ಕುಗಳು ಲೇಖಕರಲ್ಲೇ ಇರುತ್ತವೆ” ಎಂದು ಕಾಗದದಲ್ಲಿ ಬರೆದು ಇಬ್ಬರೂ ಸಹಿ ಮಾಡಿ. ಹಕ್ಕು ವರ್ಗಾವಣೆಗೆ ಕಾಯ್ದೆಯೇ ಬರಹ ಮತ್ತು ಸಹಿಯನ್ನು ಕೇಳುತ್ತದೆ. ಅವಧಿ ಬರೆಯದಿದ್ದರೆ 5 ವರ್ಷ, ಪ್ರದೇಶ ಬರೆಯದಿದ್ದರೆ ಭಾರತ ಎಂದು ಹಿಡಿಯುತ್ತದೆ.

ಹಕ್ಕನ್ನು ಬಿಡಿಬಿಡಿಯಾಗಿ ಮಾರುವುದರ ಬೆಲೆ ಅಮೆರಿಕದ ಹಾರರ್ ಕಾದಂಬರಿಕಾರ ಸ್ಟೀಫನ್ ಕಿಂಗ್‌ಗೆ ಗೊತ್ತಾದದ್ದು ಮೊದಲ ಕಾದಂಬರಿಯಲ್ಲೇ. ಶಾಲಾ ಮೇಷ್ಟರಾಗಿದ್ದ ಆತ ‘ಕ್ಯಾರಿ’ಯ ಮೊದಲ ಪುಟಗಳನ್ನು ಬುಟ್ಟಿಗೆ ಎಸೆದಿದ್ದ, ಹೆಂಡತಿ ಟ್ಯಾಬಿತಾ ಎತ್ತಿಟ್ಟು ಮುಂದುವರಿಸಲು ಹೇಳಿದಳು. 1974ರಲ್ಲಿ ಬಂದ ಆ ಪುಸ್ತಕಕ್ಕೆ ಮುಂಗಡವಾಗಿ ಸಿಕ್ಕಿದ್ದು 2,500 ಡಾಲರ್. ಅಗ್ಗದ ಪೇಪರ್‌ಬ್ಯಾಕ್ ಆವೃತ್ತಿಯ ಹಕ್ಕು ಬೇರೆಯಾಗಿ 4,00,000 ಡಾಲರಿಗೆ ಹೋಯಿತು, ಅರ್ಧ ಆತನಿಗೆ ಬಂತು. ಕನ್ನಡದಲ್ಲಿ ಅಂಥ ಮೊತ್ತದ ಆಸೆ ಇಟ್ಟುಕೊಳ್ಳಬೇಡಿ, ಇಲ್ಲಿ ಕತೆ ಬರೆದೇ ಸಂಸಾರ ತೂಗಿಸುವವರು ತೀರಾ ಕಡಿಮೆ. ಆದರೂ ಒಪ್ಪಂದದ ಪತ್ರದಲ್ಲಿ ಒಂದು ಸಾಲು ಇದೆಯೋ ಇಲ್ಲವೋ ಎನ್ನುವುದರ ಮೇಲೆ ನಾಳೆಯ ಹಣ ನಿಂತಿರುತ್ತದೆ.

ಕ್ರಮವನ್ನೂ ಯೋಚಿಸಿ. ಪತ್ರಿಕೆಗಳು ಸಾಮಾನ್ಯವಾಗಿ ಅಪ್ರಕಟಿತ ಕತೆಯನ್ನೇ ಕೇಳುತ್ತವೆ. ಸುಧಾ, ತರಂಗ, ಮಯೂರ, ತುಷಾರದಂಥ ಕಡೆ ಮೊದಲು ಕಳಿಸಿ, ಒಂದು ಸಲಕ್ಕೆ ಒಂದೇ ಕಡೆ. ಅಲ್ಲಿ ಬಂದ ಮೇಲೆ ಆಡಿಯೊ, ಕತೆಗಳು ಸೇರಿದ ಮೇಲೆ ಪುಸ್ತಕ. ಚೊಚ್ಚಲ ಕೃತಿಗೆ ಕನ್ನಡ ಪುಸ್ತಕ ಪ್ರಾಧಿಕಾರದ ಪ್ರೋತ್ಸಾಹಧನವಿದೆ, ಅರ್ಜಿ ಕರೆದಾಗ ಹಾಕಿ. ನೀವೇ ಅಚ್ಚು ಹಾಕಿಸುವುದಾದರೆ ಐಎಸ್‌ಬಿಎನ್ (ಪುಸ್ತಕದ ಗುರುತಿನ ಸಂಖ್ಯೆ) ನಮ್ಮ ದೇಶದಲ್ಲಿ ಉಚಿತ. ಅದಕ್ಕೆ ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ.

ಪ್ರಶ್ನೆ: ಒಂದು ಕೊರಿಯನ್ ಹಾರರ್ ಸಿನಿಮಾವನ್ನು ಸಕಲೇಶಪುರದ ಎಸ್ಟೇಟಿಗೆ ತಂದು ಕಾದಂಬರಿ ಬರೆದಿದ್ದೇನೆ. ಹೆಸರುಗಳನ್ನೆಲ್ಲ ಬದಲಿಸಿದ್ದೇನೆ. ತೊಂದರೆಯಾದೀತೇ? (ಹಾಸನ)

ಉತ್ತರ: ಕೇಳಿದ್ದು ಒಳ್ಳೆಯದಾಯಿತು, ಇನ್ನೂ ಅಚ್ಚಾಗಿಲ್ಲ. ಹೆಸರು ಬದಲಿಸಿದರೆ ಸಾಲದು. 1922ರಲ್ಲಿ ಜರ್ಮನಿಯವರು ಬ್ರಾಮ್ ಸ್ಟೋಕರ್‌ನ ‘ಡ್ರಾಕುಲಾ’ ಕಾದಂಬರಿಯನ್ನು ಅನುಮತಿ ಕೇಳದೆ, ಹೆಸರುಗಳನ್ನು ಬದಲಿಸಿ ‘ನೊಸ್ಫೆರಾಟು’ ಎಂಬ ಸಿನಿಮಾ ಮಾಡಿದರು. ಸ್ಟೋಕರ್‌ನ ಹೆಂಡತಿ ಫ್ಲಾರೆನ್ಸ್ ಕೋರ್ಟಿಗೆ ಹೋದರು. ಪ್ರತಿಗಳನ್ನೆಲ್ಲ ನಾಶ ಮಾಡಬೇಕೆಂದು 1925ರಲ್ಲಿ ಆದೇಶವಾಯಿತು. ಕೆಲವು ಪ್ರತಿ ಹೇಗೋ ಉಳಿದದ್ದರಿಂದ ನಾವು ಇಂದು ಅದನ್ನು ನೋಡುತ್ತೇವೆ.

ಹಾಳು ಬಿದ್ದ ಮನೆ, ಮರಳಿ ಬರುವ ಹೆಣ್ಣು ಇಂಥ ಎಳೆ ಯಾರ ಸೊತ್ತೂ ಅಲ್ಲ. ಘಟನೆಗಳ ಜೋಡಣೆ, ದೃಶ್ಯ, ಮಾತು ಹಾಗೇ ಬಂದರೆ ಅದು ನಕಲು. ಹಸ್ತಪ್ರತಿಯ ಪಕ್ಕ ಆ ಸಿನಿಮಾದ ದೃಶ್ಯಗಳನ್ನು ಒಂದೊಂದಾಗಿ ಬರೆದು ಹೋಲಿಸಿ, ಹೊಂದುವುದನ್ನು ಹೊಡೆದುಹಾಕಿ. ಕಾಫಿ ಒಣಗಿಸುವ ಕಣದಲ್ಲಿ ಬೆಳಗಾಗುವಷ್ಟರಲ್ಲಿ ಮೂಡಿರುವ ಹೆಜ್ಜೆಯ ಒಂದು ಅಧ್ಯಾಯವಿದೆಯಲ್ಲ, ಅದು ಯಾವ ಸಿನಿಮಾದ್ದೂ ಅಲ್ಲವೆಂದು ನೀವೇ ಬರೆದಿದ್ದೀರಿ. ಅಲ್ಲಿಂದ ಹೊಸದಾಗಿ ಶುರುಮಾಡಿ.