ದೇವಸ್ಥಾನವಿಲ್ಲದ ಬೆಟ್ಟ

ಏಳನೆಯ ತರಗತಿಯ ಭೂಗೋಳದ ಪಾಠದಲ್ಲಿ ಇಂಗ್ಲೆಂಡಿನ ಬೆಟ್ಟಗಳ ವಿಷಯ ಬಂದಾಗ ವಿದ್ಯಾರ್ಥಿಯೊಬ್ಬನು ಎದ್ದು ನಿಂತು, “ಸಾರ್, ಆ ಬೆಟ್ಟದ ಮೇಲೆ ದೇವಸ್ಥಾನವಿಲ್ಲ, ತರುವುದಕ್ಕೆ ಸೌದೆಯೂ ಇಲ್ಲ. ಜನರು ಅದನ್ನು ಹತ್ತುವುದೇಕೆ?” ಎಂದು ಕೇಳಿದನು. ತರಗತಿಯು ನಕ್ಕಿತು. ನಾವು ನಗಲಿಲ್ಲ, ಪ್ರಶ್ನೆಯು ನ್ಯಾಯವಾದುದೇ ಆಗಿತ್ತು. ಅಷ್ಟರಲ್ಲಿ ಗಂಟೆ ಬಾರಿಸಿದುದರಿಂದ ಅಂದು ಹೇಳದೆ ಉಳಿದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇವೆ. ಆ ಬೆಟ್ಟಗಳನ್ನು ನಾವು ಕಣ್ಣಾರೆ ಕಂಡವರಲ್ಲ. ಮೇಜಿನ ಮೇಲೆ ಭೂಪಟವನ್ನು ಹರಡಿಕೊಂಡು, ಓದಿ ತಿಳಿದುದರ ಬಲದಿಂದ ನಡೆಯುವವರು. ವಿದ್ಯಾರ್ಥಿಗಳೂ ಅವರ ತಂದೆತಾಯಿಗಳೂ ಹಾಗೆಯೇ ನಮ್ಮೊಡನೆ ಬರಬೇಕಾಗಿ ವಿನಂತಿ.

ಊರಿನ ಪರಿಚಯ

ಇಂಗ್ಲೆಂಡಿನ ಮಧ್ಯಭಾಗದ ಡರ್ಬಿಷೈರ್ ಪ್ರಾಂತದಲ್ಲಿ ಈಡೇಲ್ ಎಂಬುದೊಂದು ಕಣಿವೆಯ ಹಳ್ಳಿ. ಪಶ್ಚಿಮಕ್ಕೆ ಮ್ಯಾಂಚೆಸ್ಟರ್, ಪೂರ್ವಕ್ಕೆ ಶೆಫೀಲ್ಡ್. ಇವೆರಡು ಕೈಗಾರಿಕಾ ನಗರಗಳನ್ನು ಕೂಡಿಸುವ ರೈಲುಮಾರ್ಗವು ಈ ಕಣಿವೆಯಲ್ಲಿಯೇ ಹಾದುಹೋಗುತ್ತದೆ. ಊರಿನ ನಿಲ್ದಾಣವು 1894ರಲ್ಲಿ ತೆರೆಯಿತು. ಕಣಿವೆಯಲ್ಲಿ ಐದು ಪುಟ್ಟ ಕೇರಿಗಳಿದ್ದು, ಎಲ್ಲವುಗಳ ಹೆಸರಿನ ಕೊನೆಯಲ್ಲಿಯೂ ‘ಬೂತ್’ ಎಂಬ ಪದವುಂಟು. ಹಿಂದೆ ದನ ಕಾಯುವವರು ತಂಗುತ್ತಿದ್ದ ಗುಡಿಸಲಿಗೆ ಆ ಹೆಸರು. ನಮ್ಮಲ್ಲಿ ‘ಹಟ್ಟಿ’ ಎಂಬ ಪದವು ಊರುಗಳ ಹೆಸರಿನಲ್ಲಿ ನಿಂತಿರುವುದನ್ನು ಬಲ್ಲವರಿಗೆ ಇದು ಹೊಸದೆನಿಸದು.

ಊರಿನ ಉತ್ತರಕ್ಕೆ ಕಿಂಡರ್ ಸ್ಕೌಟ್ ಎಂಬ ವಿಶಾಲವಾದ ಪ್ರಸ್ಥಭೂಮಿ. ಎತ್ತರ 2,087 ಅಡಿ. ಅಲ್ಲಿಯದು ಒರಟಾದ ಮರಳುಗಲ್ಲು. ಹಿಂದೆ ಈ ಸೀಮೆಯಲ್ಲಿ ಬೀಸುವ ಕಲ್ಲುಗಳನ್ನು ಕಡೆಯುತ್ತಿದ್ದುದು ಇದರಿಂದಲೇ. ಪ್ರಸ್ಥಭೂಮಿಯ ಪಶ್ಚಿಮದ ಅಂಚಿನಲ್ಲಿ ಕಿಂಡರ್ ಡೌನ್‌ಫಾಲ್ ಎಂಬ ಜಲಪಾತವು ಸುಮಾರು 100 ಅಡಿ ಕೆಳಗೆ ಧುಮುಕುತ್ತದೆ. ಪಶ್ಚಿಮದ ಗಾಳಿ ಬಿರುಸಾಗಿ ಬೀಸಿದಾಗ ಬೀಳುವ ನೀರು ತುಂತುರಾಗಿ ಮೇಲಕ್ಕೇ ಹಾರುವುದು. ಆ ಬಿಳಿಯ ಹೊಗೆಯಂತಹ ನೋಟವು ಬಹು ದೂರಕ್ಕೆ ಕಾಣುವುದಂತೆ.

ತಾಯಿ ಬೆಟ್ಟದ ನೋಟ

ಊರಿನ ದಕ್ಷಿಣಕ್ಕಿರುವುದು 1,696 ಅಡಿ ಎತ್ತರದ ಮಾಮ್ ಟಾರ್. ‘ತಾಯಿ ಬೆಟ್ಟ’ ಎಂದು ಜನರು ಆ ಹೆಸರನ್ನು ಅರ್ಥೈಸುತ್ತಾರೆ. ಜಾರುವ ಪದರಗಲ್ಲಿನ ಮೇಲೆ ಮರಳುಗಲ್ಲು ಕುಳಿತಿರುವುದರಿಂದ ಇದರ ಪೂರ್ವದ ಮೈ ಸಾವಿರಾರು ವರ್ಷಗಳಿಂದ ಕುಸಿಯುತ್ತಲೇ ಇದೆ. ಆದುದರಿಂದ ‘ನಡುಗುವ ಬೆಟ್ಟ’ ಎಂಬ ಇನ್ನೊಂದು ಹೆಸರೂ ಉಂಟು. ಇದರ ಬುಡದಲ್ಲಿ ಹಾದುಹೋಗುತ್ತಿದ್ದ ಹೆದ್ದಾರಿಯನ್ನು ಮತ್ತೆ ಮತ್ತೆ ರಿಪೇರಿ ಮಾಡಿ ಸೋತು, 1979ರಲ್ಲಿ ವಾಹನಗಳಿಗೆ ಶಾಶ್ವತವಾಗಿ ಮುಚ್ಚಿಬಿಟ್ಟರು.

ಶಿಖರದ ಮೇಲೆ ನಿಂತು ಉತ್ತರಕ್ಕೆ ನೋಡಿದರೆ ಈಡೇಲ್ ಕಣಿವೆ, ಕಲ್ಲುಗೋಡೆಗಳಿಂದ ಅಂಕಣ ಅಂಕಣವಾಗಿ ಒಡೆದ ಹುಲ್ಲುಗಾವಲು, ಅದರಾಚೆ ಕಿಂಡರಿನ ಕಪ್ಪು ಅಂಚು. ದಕ್ಷಿಣಕ್ಕೆ ತಿರುಗಿದರೆ ದೃಶ್ಯವೇ ಬೇರೆ. ಅಲ್ಲಿಂದ ಸುಣ್ಣಕಲ್ಲಿನ ಸೀಮೆ ಆರಂಭವಾಗುತ್ತದೆ. ವಿನಟ್ಸ್ ಎಂಬ ಕಡಿದಾದ ಕಂದರ, ಕ್ಯಾಸಲ್‌ಟನ್ ಎಂಬ ಊರು, ಅದರ ಮೇಲಿನ ಹಳೆಯ ಕೋಟೆ, ದೂರದಲ್ಲಿ ಸಿಮೆಂಟ್ ಕಾರ್ಖಾನೆಯ ಚಿಮಣಿ. ಭೂಗರ್ಭಶಾಸ್ತ್ರದ ಎರಡು ಅಧ್ಯಾಯಗಳನ್ನು ಒಂದೇ ಸ್ಥಳದಲ್ಲಿ ನಿಂತು ಓದಬಹುದಾದ ಇಂತಹ ನೋಟವು ವಿರಳ.

ಮಾಮ್ ಟಾರಿನಿಂದ ಪೂರ್ವಕ್ಕೆ ಲೂಸ್ ಹಿಲ್ ಎಂಬ ಬೆಟ್ಟದವರೆಗೆ ಏಣು ಹಿಡಿದು ಹೋಗುವ ದಾರಿಯ ನಡುವೆ ಹಾಲಿನ್ಸ್ ಕ್ರಾಸ್ ಎಂಬ ತಗ್ಗಾದ ಕಣಿವೆಬಾಯಿ ಸಿಗುತ್ತದೆ. ಈಡೇಲಿಗೆ ಸ್ವಂತ ಇಗರ್ಜಿಯಿಲ್ಲದ ಕಾಲದಲ್ಲಿ ಸತ್ತವರನ್ನು ಹೆಗಲ ಮೇಲೆ ಹೊತ್ತು ಇಲ್ಲಿಂದಲೇ ಕ್ಯಾಸಲ್‌ಟನ್ನಿಗೆ ಒಯ್ಯುತ್ತಿದ್ದರು. ಮುಂದೆ ಕಣಿವೆಯಲ್ಲಿ ಹತ್ತಿಯ ಗಿರಣಿಯಾದಾಗ ಆಚೆಯ ಹೆಂಗಸರು ಇದೇ ದಾರಿಯಲ್ಲಿ ಕೆಲಸಕ್ಕೆ ನಡೆದು ಬರುತ್ತಿದ್ದರೆಂದು ಹೇಳುತ್ತಾರೆ. ನಮ್ಮ ವಿದ್ಯಾರ್ಥಿಯ ಪ್ರಶ್ನೆಗೆ ಮೊದಲ ಉತ್ತರವು ಇಲ್ಲಿದೆ. ಬೆಟ್ಟದ ದಾರಿಗಳು ವಿಹಾರಕ್ಕಾಗಿ ಹುಟ್ಟಿದವುಗಳಲ್ಲ. ದುಡಿಮೆಗಾಗಿ, ಶವಸಂಸ್ಕಾರಕ್ಕಾಗಿ, ಸಂತೆಗಾಗಿ ಹುಟ್ಟಿದವು.

ನಡೆಯುವ ಲೆಕ್ಕ

ನಡೆಯುವವನಿಗೆ ಭೂಪಟವೇ ಊರುಗೋಲು. ಬ್ರಿಟನ್ನಿನ ಸರ್ವೇ ಇಲಾಖೆಯ ಭೂಪಟದಲ್ಲಿ 4 ಸೆಂಟಿಮೀಟರ್ ಎಂದರೆ 1 ಕಿಲೋಮೀಟರ್. ಸಮಾನ ಎತ್ತರದ ಸ್ಥಳಗಳನ್ನು ಕೂಡಿಸುವ ಸಮೋನ್ನತಿ ರೇಖೆಗಳು ಒತ್ತೊತ್ತಾಗಿದ್ದರೆ ಏರು ಕಡಿದೆಂದೂ, ವಿರಳವಾಗಿದ್ದರೆ ನಿಧಾನವಾದ ಏರೆಂದೂ ತಿಳಿಯಬೇಕು. 1892ರಲ್ಲಿ ಸ್ಕಾಟ್ಲೆಂಡಿನ ನೈಸ್ಮಿತ್ ಎಂಬ ಪರ್ವತಾರೋಹಿಯು ಒಂದು ಸೂತ್ರವನ್ನು ಕೊಟ್ಟನು: 3 ಮೈಲಿಗೆ ಒಂದು ಗಂಟೆ, ಏರುವ ಪ್ರತಿ 2,000 ಅಡಿಗೆ ಮತ್ತೊಂದು ಗಂಟೆ. 6 ಮೈಲಿಯ ದಾರಿಯಲ್ಲಿ 1,000 ಅಡಿ ಏರಬೇಕಾದರೆ ಎರಡೂವರೆ ಗಂಟೆ ಬೇಕು. ಹೊರಡುವ ಮುನ್ನ ಈ ಲೆಕ್ಕ ಮಾಡಿದವನು ಬೆಟ್ಟದ ಮೇಲೆ ಕತ್ತಲೆಗೆ ಸಿಕ್ಕಿಕೊಳ್ಳನು.

ದಾರಿ ಯಾರದು?

ಕಿಂಡರ್ ಸ್ಕೌಟ್ ಹಿಂದೆ ಸುತ್ತಣ ಊರುಗಳವರ ದನಕುರಿಗಳು ಮೇಯುತ್ತಿದ್ದ ಬಯಲು. 19ನೆಯ ಶತಮಾನದಲ್ಲಿ ಅದು ಬೇಲಿಯೊಳಗಾಗಿ ಭೂಮಾಲಿಕರ ವಶಕ್ಕೆ ಹೋಯಿತು. ಗ್ರೌಸ್ ಎಂಬ ಹಕ್ಕಿಯ ಬೇಟೆಗಾಗಿ ಅದನ್ನು ಕಾಯ್ದಿರಿಸಿ ಕಾವಲುಗಾರರನ್ನು ನೇಮಿಸಿದರು. ವಾರವೆಲ್ಲ ಗಿರಣಿಯ ಹೊಗೆಯಲ್ಲಿ ದುಡಿದ ಮ್ಯಾಂಚೆಸ್ಟರಿನ ತರುಣನಿಗೆ ಭಾನುವಾರ ಆ ಬೆಟ್ಟವು ಕಣ್ಣಿಗೆ ಕಾಣುತ್ತಿತ್ತು, ಕಾಲಿಗೆ ಎಟುಕುತ್ತಿರಲಿಲ್ಲ.

1932ರ ಏಪ್ರಿಲ್ 24ರಂದು, ಭಾನುವಾರ, ಬೆನ್ನಿ ರಾತ್‌ಮನ್ ಎಂಬ 20 ವರ್ಷದ ಯುವಕನ ಮುಂದಾಳುತನದಲ್ಲಿ ನೂರಾರು ಮಂದಿ ಪಶ್ಚಿಮದ ಹೇಫೀಲ್ಡ್ ಎಂಬ ಊರಿನಿಂದ ನಿಷೇಧವನ್ನು ಮೀರಿ ಕಿಂಡರನ್ನು ಹತ್ತಿದರು. ಶೆಫೀಲ್ಡಿನ ಇನ್ನೊಂದು ತಂಡವು ಈಡೇಲಿನ ಕಡೆಯಿಂದ ಏರಿ ಮೇಲೆ ಅವರನ್ನು ಕೂಡಿಕೊಂಡಿತು. ಕಾವಲುಗಾರರೊಡನೆ ತಳ್ಳಾಟವಾಗಿ ಒಬ್ಬ ಕಾವಲುಗಾರನಿಗೆ ಪೆಟ್ಟಾಯಿತು. ಆರು ಮಂದಿಯ ಬಂಧನವಾಗಿ, ಐವರಿಗೆ ಎರಡರಿಂದ ಆರು ತಿಂಗಳ ಸೆರೆವಾಸವಾಯಿತು. ನಡಿಗೆಯವರ ಹಳೆಯ ಸಂಘಗಳಲ್ಲಿಯೇ ಹಲವರು ಈ ಕಾರ್ಯವನ್ನು ಒಪ್ಪಿರಲಿಲ್ಲ. ಆದರೆ ಶಿಕ್ಷೆಯ ಸುದ್ದಿ ಕೇಳಿದ ಜನರ ಮನಸ್ಸು ತರುಣರ ಕಡೆಗೆ ವಾಲಿತು.

ಫಲವು ನಿಧಾನವಾಗಿ ಬಂದಿತು. 1949ರ ಕಾಯಿದೆಯಂತೆ ಊರೂರಿನ ಕಾಲುದಾರಿಗಳನ್ನು ಗುರುತಿಸಿ ಅಧಿಕೃತ ಭೂಪಟದಲ್ಲಿ ಬರೆಯಿಸಲಾಯಿತು. 1951ರಲ್ಲಿ ಈ ಸೀಮೆಯು ಬ್ರಿಟನ್ನಿನ ಮೊದಲನೆಯ ರಾಷ್ಟ್ರೀಯ ಉದ್ಯಾನವಾಯಿತು. ಟಾಮ್ ಸ್ಟೀಫನ್‌ಸನ್ ಎಂಬ ಪತ್ರಕರ್ತನು 1935ರಲ್ಲಿ ಪತ್ರಿಕೆಯಲ್ಲಿ ಸೂಚಿಸಿದ ದೀರ್ಘ ಕಾಲುದಾರಿಯು, ಈಡೇಲಿನಿಂದ ಸ್ಕಾಟ್ಲೆಂಡಿನ ಗಡಿಯಾಚೆಯವರೆಗೆ 268 ಮೈಲಿ, 1965ರ ಏಪ್ರಿಲ್ 24ರಂದು ತೆರೆಯಿತು. 2000ನೆಯ ಇಸವಿಯ ಕಾಯಿದೆಯು ಇಂಗ್ಲೆಂಡು ವೇಲ್ಸುಗಳ ಗುರುತಿಸಿದ ಬೆಟ್ಟ ಬಯಲುಗಳಲ್ಲಿ ನಡೆಯುವ ಹಕ್ಕನ್ನು ಎಲ್ಲರಿಗೂ ಕೊಟ್ಟಿತು. 2002ರಲ್ಲಿ, ಆ ಪ್ರಸಂಗಕ್ಕೆ 70 ವರ್ಷ ತುಂಬಿದಾಗ, ಅಂದಿನ ಭೂಮಾಲಿಕನ ಮೊಮ್ಮಗನಾದ ಡೆವನ್‌ಷೈರಿನ ಡ್ಯೂಕನು ಬಹಿರಂಗವಾಗಿ ಕ್ಷಮೆ ಕೇಳಿದನು.

ಹಕ್ಕಿನ ಜೊತೆಗಾರ

ಕಥೆಯನ್ನು ಇಲ್ಲಿಗೇ ನಿಲ್ಲಿಸಿದರೆ ಪಾಠವು ಅರ್ಧವಾದೀತು. ದಾರಿ ತೆರೆದ ಮೇಲೆ ಸಾವಿರಾರು ಬೂಟುಗಳು ಕಿಂಡರಿನ ಮೆತ್ತನೆಯ ಸಸ್ಯಾಂಗಾರದ ನೆಲವನ್ನು ತುಳಿದು ಕೆಸರಾಗಿಸಿದುವು. ಕಾರ್ಖಾನೆಗಳ ಹೊಗೆ, ಬೆಂಕಿ, ಮೇಯುವಿಕೆಗಳು ಮೊದಲೇ ಅದನ್ನು ಬತ್ತಲೆ ಮಾಡಿದ್ದುವು. ಈಡೇಲಿನಿಂದ ಹೊರಡುವ ಆ ದೀರ್ಘ ದಾರಿಯನ್ನೇ ಬೇರೆ ಕಡೆಗೆ ತಿರುಗಿಸಬೇಕಾಯಿತು. ದಾರಿಯ ಹಲವೆಡೆ ಹಳೆಯ ಗಿರಣಿಗಳ ನೆಲಹಾಸಿನ ಚಪ್ಪಡಿಗಳನ್ನು ತಂದು ಹಾಸಿದರು. 2003ರಿಂದ ಆ ಬಯಲುಗಳಲ್ಲಿ ನೀರು ಹಿಡಿದಿಡುವ ಪಾಚಿಯನ್ನು ಮತ್ತೆ ನೆಡುವ ಕೆಲಸವು ನಡೆದುಬಂದಿದೆ. ತೆರೆದ ಬಾಗಿಲನ್ನು ಮುಚ್ಚಿದರೆ ಕುರಿಗೆ ನೀರು ಸಿಗದು; ಮುಚ್ಚಿದ್ದನ್ನು ತೆರೆದಿಟ್ಟರೆ ಕುರಿ ಪರರ ಹೊಲಕ್ಕೆ ಬೀಳುವುದು; ಆದುದರಿಂದ ಇದ್ದಂತೆಯೇ ಬಿಟ್ಟುಹೋಗಬೇಕೆಂಬುದು ಅಲ್ಲಿನ ನಿಯಮ. ನೆಲದ ಮೇಲೆ ಗೂಡು ಕಟ್ಟುವ ಹಕ್ಕಿಗಳಿಗಾಗಿ ಆ ಬಯಲುಗಳಲ್ಲಿ ಮಾರ್ಚ್ 1ರಿಂದ ಜುಲೈ 31ರವರೆಗೆ ನಾಯಿಯನ್ನು ಹಗ್ಗದಲ್ಲಿ ಹಿಡಿದೇ ನಡೆಯಬೇಕು.

ಇನ್ನು ನಮ್ಮ ವಿದ್ಯಾರ್ಥಿಗೆ ಉಳಿದ ಉತ್ತರ. ದೇವಸ್ಥಾನವಿಲ್ಲದ ಬೆಟ್ಟವನ್ನು ಜನರು ಹತ್ತುವುದು ತಾವು ಬಾಳುವ ಊರನ್ನು ಒಮ್ಮೆ ಇಡಿಯಾಗಿ ನೋಡುವುದಕ್ಕೆ. ಕೆಳಗಿದ್ದಾಗ ಅವರ ಹೊಲ, ಇವರ ಗೋಡೆ ಎಂದು ಬಿಡಿಬಿಡಿಯಾಗಿ ತೋರುವುದು ಮೇಲಿನಿಂದ ಒಂದೇ ಕಣಿವೆಯಾಗಿ ಕಾಣುತ್ತದೆ. ಆ ನೋಟವು ಬೇಟೆಯಾಡುವ ಕೆಲವರದೇ ಆಗಿರಬಾರದೆಂದು ಐವರು ಸೆರೆಮನೆಗೆ ಹೋದರು.

ಅಭ್ಯಾಸ: ಪ್ರತಿಯೊಬ್ಬ ವಿದ್ಯಾರ್ಥಿಯೂ ತಾನು ಶಾಲೆಗೆ ಬರುವ ಕಾಲುದಾರಿಯ ನಕ್ಷೆಯನ್ನು ಬರೆಯಲಿ. ಗದ್ದೆಯ ಬದು, ತೋಡಿನ ಸಂಕ, ಕೆರೆಯ ಏರಿ, ಯಾವುದನ್ನೂ ಬಿಡಬಾರದು. ಯಾವ ದಾರಿಗೆ ಯಾವ ಹೆಸರು, ಯಾವುದು ಈಗ ಮುಚ್ಚಿಹೋಗಿದೆ ಎಂಬುದನ್ನು ಮನೆಯ ಅಜ್ಜ ಅಜ್ಜಿಯರನ್ನು ಕೇಳಿ ತುಂಬಲಿ. ತಂದೆತಾಯಿಗಳು ಒಂದು ಭಾನುವಾರ ಮಕ್ಕಳೊಡನೆ ಆ ದಾರಿಯಲ್ಲಿ ನಡೆದು ನೋಡಿದರೆ ನಕ್ಷೆಯ ತಪ್ಪುಗಳು ತಾವಾಗಿಯೇ ತಿದ್ದಿಹೋಗುವುವು.