ನೀರಿನಲ್ಲಿಟ್ಟು ವಾಯು ತುಂಬುವ ಬಗೆ

ನಮ್ಮ ಊರು ಸಿದ್ದರಬೆಟ್ಟದ ಬುಡದಲ್ಲಿದೆ. ಕಡಲು ಇಲ್ಲಿಂದ ಬಹು ದೂರ. ಕೆರೆ ತುಂಬಿದರೆ ಅದೇ ನಮಗೆ ಹಬ್ಬ. ಇಂಥ ಊರಿನವನು, ಅದರಲ್ಲಿಯೂ ಕಲಾ ವಿಭಾಗದ ವಿದ್ಯಾರ್ಥಿಯಾದ ನಾನು, ಮುಳುಗುವವರ ಸಿಲಿಂಡರನ್ನು ಕುರಿತು ಬರೆಯಹೊರಟಿದ್ದನ್ನು ಕಂಡು ವಾಚಕ ಮಹಾಶಯರು ನಕ್ಕಾರು. ಕಾರಣವನ್ನು ಅರಿಕೆ ಮಾಡುತ್ತೇನೆ.

ಕಳೆದ ರಜೆಯಲ್ಲಿ ಮುರ್ಡೇಶ್ವರಕ್ಕೆ ಹೋಗಿದ್ದೆ. ಅಲ್ಲಿಂದ ನೇತ್ರಾಣಿ ದ್ವೀಪಕ್ಕೆ ದೋಣಿಯಲ್ಲಿ ಸಾಗಿ, ಸ್ಕೂಬಾ ಉಪಕರಣ ತೊಟ್ಟು ಕಡಲಿಗಿಳಿಯುತ್ತಾರೆ. ಸಿಲಿಂಡರುಗಳಿಗೆ ವಾಯು ತುಂಬುವ ಕೆಲಸದಲ್ಲಿರುವ ನನ್ನ ಸೋದರಮಾವನ ಮಗ ಅವುಗಳನ್ನು ನೀರಿನ ತೊಟ್ಟಿಯಲ್ಲಿ ನಿಲ್ಲಿಸಿದ್ದನು.

“ಏನು ಭಾವ, ಸಿಲಿಂಡರಿಗೂ ಸ್ನಾನವೇ?” ಎಂದೆ.

“ಕಾದ ಸಿಲಿಂಡರು ಸುಳ್ಳು ಹೇಳುತ್ತದೆ ಕಣಯ್ಯ” ಎಂದನು. ಹಿಂದೊಮ್ಮೆ ಅವಸರದಲ್ಲಿ ತುಂಬಿ, ಬಿಸಿಯಿದ್ದಾಗಲೇ ಮುಳ್ಳನ್ನು ನಂಬಿ ಕಳುಹಿಸಿದ್ದನಂತೆ. ಮುಳುಗಿದವರು ಎಣಿಸಿದ್ದಕ್ಕಿಂತ ಬೇಗನೆ ಮೇಲೇಳಬೇಕಾಯಿತು. ಅಂದಿನಿಂದ ಅವನಿಗೆ ಆ ಭಯ.

ಈ ಸುಳ್ಳಿನ ಮೂಲವೇನು? ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ಬುಡ ಕಾಯುವುದನ್ನು ಎಲ್ಲರೂ ಬಲ್ಲೆವು. ವಾಯುವನ್ನು ಅದುಮಲು ಮಾಡಿದ ಕೆಲಸವೇ ಉಷ್ಣವಾಗುತ್ತದೆ. ಸಿಲಿಂಡರಿನಲ್ಲಿಯೂ ಹಾಗೆಯೇ, ಹೊಸದಾಗಿ ನುಗ್ಗುವ ವಾಯು ಒಳಗಿರುವುದನ್ನು ಅದುಮುತ್ತದೆ. ಕಾದ ವಾಯು ಹೆಚ್ಚು ಒತ್ತಡ ತೋರುತ್ತದೆ. ತಣಿದಂತೆ ಒತ್ತಡವೂ ಇಳಿಯುತ್ತದೆ.

ಲೆಕ್ಕ ಹೀಗಿದೆ. ಒಳಗಿನ ವಾಯು 57 ಡಿಗ್ರಿ ಸೆಂಟಿಗ್ರೇಡಿನಲ್ಲಿರುವಾಗ ಮುಳ್ಳು 200 ಬಾರ್ ತೋರಿತೆನ್ನೋಣ. 273 ಕೂಡಿಸಿದರೆ ನಿರಪೇಕ್ಷ ಉಷ್ಣತೆ 330. ಅದು 27 ಡಿಗ್ರಿಗೆ, ಎಂದರೆ 300ಕ್ಕೆ ಇಳಿದಾಗ ಒತ್ತಡ ಸುಮಾರು 182 ಬಾರ್ ಆಗುತ್ತದೆ. 11 ಲೀಟರ್ ಸಿಲಿಂಡರಿನಲ್ಲಿ ಈ 18 ಬಾರ್ ಕೊರತೆಯೆಂದರೆ ಸುಮಾರು 200 ಲೀಟರ್ ವಾಯು. ಮೇಲೆ ನಿಮಿಷಕ್ಕೆ 20 ಲೀಟರ್ ಉಸಿರಾಡುವವನಿಗೆ 10 ಮೀಟರ್ ಆಳದಲ್ಲಿ ಅದರ ಎರಡರಷ್ಟು ಬೇಕು. ಆದುದರಿಂದ ಕಳೆದುಹೋದುದು ಐದು ನಿಮಿಷಗಳ ಉಸಿರು!

ಹಾಗಾದರೆ ತೊಟ್ಟಿಯ ನೀರು ಸರ್ವರೋಗ ನಿವಾರಕವೇ? ಅಲ್ಲ. ಕಮ್ಮಾರನು ಕೆಂಪಗೆ ಕಾದ ಕುಡುಗೋಲನ್ನು ನೀರಿಗದ್ದಿದರೆ ಅದು ಕ್ಷಣದಲ್ಲಿ ತಣಿಯುತ್ತದೆ. ಇಲ್ಲಿಯಾದರೋ ಕಾದಿರುವುದು ಒಳಗಿನ ವಾಯು. ಅದರ ಉಷ್ಣವು ಲೋಹದ ಗೋಡೆಯನ್ನು ದಾಟಿ ನೀರಿಗೆ ಬರಲು ಕಾಲ ಬೇಕು. ಅವಸರದಲ್ಲಿ ತುಂಬಿದರೆ ನೀರೂ ನಿಸ್ಸಹಾಯಕ. ಇನ್ನೊಂದು ಅಪಾಯವುಂಟು. ಕವಾಟದ ಬಾಯಿಯಲ್ಲಿ ಹನಿ ನೀರು ಉಳಿದರೂ ಅದು ವಾಯುವಿನೊಡನೆ ಒಳಗೆ ಹೋಗುತ್ತದೆ. ಉಕ್ಕಿನ ಸಿಲಿಂಡರಾದರೆ ತುಕ್ಕು ಹಿಡಿಯುತ್ತದೆ; ತುಕ್ಕು ಗೋಡೆಯನ್ನು ಸವೆಸುವುದಲ್ಲದೆ ಒಳಗಿನ ಆಮ್ಲಜನಕವನ್ನೂ ಕಬಳಿಸುತ್ತದೆ. ಸಿಲಿಂಡರು ಸಿಡಿದರೆ ನೀರು ಕಾಪಾಡುವುದೆಂಬ ನಂಬಿಕೆಯೂ ಹುಸಿ.

ಆದ್ದರಿಂದ ಉತ್ತಮ ಮಾರ್ಗವೆಂದರೆ ನಿಧಾನವಾಗಿ ತುಂಬುವುದು, ತಣಿಯಲು ಬಿಡುವುದು, ಮತ್ತೆ ಮುಳ್ಳನ್ನು ನೋಡಿ ಕೊರತೆಯನ್ನು ಭರ್ತಿಮಾಡುವುದು. ಭಾವ ಈಗ ತೊಟ್ಟಿಯನ್ನೂ ಬಿಟ್ಟಿಲ್ಲ, ತಾಳ್ಮೆಯನ್ನೂ ಬಿಟ್ಟಿಲ್ಲ. ಕವಾಟವನ್ನು ಮಾತ್ರ ನೀರಿನ ಮೇಲಿಟ್ಟು, ಒಣಬಟ್ಟೆಯಿಂದ ಒರೆಸಿಯೇ ಕೊಳವೆ ಜೋಡಿಸುತ್ತಾನೆ.

ಪರೀಕ್ಷೆಯ ಹಿಂದಿನ ರಾತ್ರಿ ತಲೆಗೆ ಪಾಠ ತುಂಬುವ ನಮಗೂ ಈ ಮಾತು ಸಲ್ಲುತ್ತದೆ. ಬಿಸಿಯಲ್ಲಿ ತುಂಬಿದಂತೆ ಕಂಡದ್ದು ಬೆಳಗಾಗುವುದರೊಳಗೆ ಇಳಿದಿರುತ್ತದೆ!