ಆಪರೇಷನ್ ಆದವಳಿಗೆ ವಂಕಿ ಎಂತಕ್ಕೆ?

ಪ್ರಶ್ನೆ: ನನಗೆ 49 ವರ್ಷ. ಹೊನ್ನಾವರದ ಹತ್ತಿರದ ಹಳ್ಳಿ, ಮನೆಯಲ್ಲೇ ಹೊಲಿಗೆ ಕೆಲಸ ಮಾಡುತ್ತೇನೆ. ಒಂದೂವರೆ ವರ್ಷದಿಂದ ಮುಟ್ಟು ಸರಿಯಿಲ್ಲ. ಎರಡು ತಿಂಗಳು ಬರುವುದಿಲ್ಲ, ಬಂದರೆ ಹತ್ತು ದಿನ ನಿಲ್ಲುವುದಿಲ್ಲ. ರಾತ್ರಿ ಎರಡು ಮೂರು ಸಲ ಮೈಗೆ ಬೆಂಕಿ ಹತ್ತಿದ ಹಾಗಾಗಿ ಎದ್ದು ಕೂರುತ್ತೇನೆ, ರವಿಕೆ ಹಿಂಡುವಷ್ಟು ಬೆವರು. ಸಣ್ಣ ಮಾತಿಗೂ ಮಗಳ ಮೇಲೆ ರೇಗುತ್ತೇನೆ, ಆಮೇಲೆ ಅಳು ಬರುತ್ತದೆ. ಮಣಿಪಾಲಕ್ಕೆ ಹೋಗಿ ತೋರಿಸಿದೆವು. ಸ್ಕ್ಯಾನ್ ಮಾಡಿದರು, ಗರ್ಭಕೋಶದ ಒಳಪದರದ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು, ಕೆಟ್ಟದ್ದೇನೂ ಇಲ್ಲ ಅಂದರು. ಮೈಗೆ ಈಸ್ಟ್ರೋಜೆನ್ ಜೆಲ್ ಹಚ್ಚಿಕೊಳ್ಳಿ, ಜೊತೆಗೆ ಹಾರ್ಮೋನು ಇರುವ ವಂಕಿ ಹಾಕಿಸಿಕೊಳ್ಳಿ ಎಂದು ಡಾಕ್ಟರಮ್ಮ ಹೇಳಿದ್ದಾರೆ. ಎರಡನೇ ಹೆರಿಗೆಯಾದಾಗಲೇ ನನಗೆ ಮಕ್ಕಳಾಗದಂತೆ ಆಪರೇಷನ್ ಆಗಿದೆ. ಮನೆಗೆ ಬಂದು ವಿಷಯ ಹೇಳಿದರೆ ಅತ್ತೆ, "ಆಪರೇಷನ್ ಆದವಳಿಗೆ ವಂಕಿ ಎಂತಕ್ಕೆ?" ಅಂದರು. ನಮ್ಮನೆಯವರು ಏನೂ ಅನ್ನಲಿಲ್ಲ, ಆದರೆ ಅವತ್ತಿನಿಂದ ಮಾತು ಕಡಿಮೆ ಮಾಡಿದ್ದಾರೆ. ಭಟ್ಕಳದಲ್ಲಿರುವ ನಾದಿನಿ "ಗರ್ಭಕೋಶ ತೆಗೆಸಿಬಿಡಿ ಅತ್ತಿಗೆ, ನಾನು ತೆಗೆಸಿಕೊಂಡು ಆರಾಮಾಗಿದ್ದೇನೆ" ಎನ್ನುತ್ತಾಳೆ. ಪಕ್ಕದ ಮನೆಯವರು ಹಾರ್ಮೋನು ತಗೊಂಡರೆ ಕ್ಯಾನ್ಸರ್ ಬರುತ್ತದೆ ಎಂದು ಹೆದರಿಸಿದ್ದಾರೆ. ನಾನೇನು ಮಾಡಲಿ?

ಉತ್ತರ: ಪ್ರೀತಿಯ ತಂಗಿ, ನಿಮ್ಮ ಕಾಗದ ಓದುವಾಗ ಬೆವರು, ನಿದ್ದೆಗೇಡುಗಳಿಗಿಂತ ಹೆಚ್ಚು ನನ್ನನ್ನು ಚುಚ್ಚಿದ್ದು ಮನೆಯವರು ಮಾತು ಕಡಿಮೆ ಮಾಡಿದ್ದಾರೆ ಎಂಬ ಸಾಲು. ಅಲ್ಲಿಂದಲೇ ಶುರು ಮಾಡುತ್ತೇನೆ.

ನಿಮ್ಮ ಅತ್ತೆ ಕೇಳಿದ್ದರಲ್ಲಿ ತಪ್ಪಿಲ್ಲ. ನಮ್ಮ ರಾಜ್ಯದಲ್ಲಿ ಮದುವೆಯಾದ ಹೆಂಗಸರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಮಕ್ಕಳು ಸಾಕೆಂದು ಆಪರೇಷನ್ ಮಾಡಿಸಿಕೊಂಡವರು. ಅಷ್ಟು ಮನೆಗಳಲ್ಲೂ ವಂಕಿ ಎಂದರೆ ಒಂದೇ ಅರ್ಥ: ಆಶಾ ಕಾರ್ಯಕರ್ತೆ ಕರೆದುಕೊಂಡು ಹೋಗಿ, ತಾಲೂಕು ಆಸ್ಪತ್ರೆಯಲ್ಲಿ ದುಡ್ಡಿಲ್ಲದೆ ಹಾಕಿಸಿಕೊಡುವ ಕಾಪರ್-ಟಿ. ಬಸಿರು ತಡೆಯುವುದೊಂದೇ ಅದರ ಕೆಲಸ. ಹಾಗಿರುವಾಗ ಆಪರೇಷನ್ ಆದ ಸೊಸೆ, ಅದೂ ಐವತ್ತರ ಹತ್ತಿರ, ವಂಕಿ ಹಾಕಿಸಿಕೊಳ್ಳುತ್ತೇನೆ ಎಂದರೆ ಹಿರಿಯರಿಗೆ ಗಲಿಬಿಲಿಯಾಗುತ್ತದೆ. ಗಂಡನ ಮನಸ್ಸಿನಲ್ಲಿ ಬಾಯಿಬಿಟ್ಟು ಕೇಳಲಾಗದ ಸಂಶಯವೊಂದು ಮೂಡಿರಲೂಬಹುದು. ಡಾಕ್ಟರಮ್ಮ ಹೇಳಿದ ವಂಕಿ ಆಕಾರದಲ್ಲಿ ಕಾಪರ್-ಟಿಯ ಅಕ್ಕ-ತಂಗಿ, ಕೆಲಸದಲ್ಲಿ ಬೇರೆ. ನಿಮ್ಮ ವಿಷಯದಲ್ಲಿ ಅದು ಗರ್ಭಕೋಶದೊಳಗೇ ಇಟ್ಟ ಔಷಧಿ.

ಯಾಕೆ ಬೇಕು ಎಂದು ಹೇಳುತ್ತೇನೆ, ಅತ್ತೆಯವರಿಗೂ ಓದಿ ಹೇಳಿ.

ಮುಟ್ಟು ನಿಲ್ಲುವ ಕಾಲ ಹತ್ತಿರವಾದಾಗ ಅಂಡಾಶಯ ಈಸ್ಟ್ರೋಜೆನ್ ಕೊಡುವುದನ್ನು ಏರುಪೇರು ಮಾಡುತ್ತಾ ಕಡಿಮೆ ಮಾಡುತ್ತದೆ. ಮೈ ಕಾವು, ಬೆವರು, ನಿದ್ದೆಗೇಡು, ಸಿಡುಕು, ಗಂಟುನೋವು ಎಲ್ಲ ಅದರಿಂದಲೇ. ನಮ್ಮ ಕರಾವಳಿಯಲ್ಲಿ ಇದನ್ನು ಯಾರೂ ಗುರುತಿಸುವುದಿಲ್ಲ. ಏಪ್ರಿಲ್-ಮೇ ತಿಂಗಳಲ್ಲಿ ಕುಮಟೆಯಿಂದ ಭಟ್ಕಳದವರೆಗೆ ಬೆವರದವರು ಯಾರಿದ್ದಾರೆ? "ಎಲ್ಲರಿಗೂ ಶೆಕೆ, ನಿಂಗೊಬ್ಬಳಿಗೇನು?" ಎಂದುಬಿಡುತ್ತಾರೆ. ಹೊರಗಿನ ಶೆಕೆ ಫ್ಯಾನಿನ ಕೆಳಗೆ ಕೂತರೆ ಇಳಿಯುತ್ತದೆ. ಈ ಕಾವು ಎದೆಯಿಂದ ಹೊರಟು ಕುತ್ತಿಗೆ, ಮುಖಕ್ಕೆ ಏರುತ್ತದೆ, ಎದೆ ಡವಡವ ಹೊಡೆದುಕೊಳ್ಳುತ್ತದೆ, ಸ್ವಲ್ಪ ಹೊತ್ತಿಗೆ ಇಳಿದು ಚಳಿಯೇ ಆಗುತ್ತದೆ. ಡಿಸೆಂಬರಿನ ಬೆಳಗಿನ ಜಾವದಲ್ಲೂ ಚಾದರ ಒದ್ದು ಎದ್ದು ಕೂರುವಂತೆ ಮಾಡುತ್ತದೆ. ಕೆಲವರಿಗೆ ಒಂದೆರಡು ವರ್ಷಕ್ಕೆ ಮುಗಿದರೆ, ಹಲವರಿಗೆ ಏಳೆಂಟು ವರ್ಷ ಎಳೆಯುವುದುಂಟು. ಅಷ್ಟು ವರ್ಷ ಹಲ್ಲುಕಚ್ಚಿ ತಡೆದುಕೊಳ್ಳುವುದು ಹೆಂಗಸಿನ ಧರ್ಮ ಎಂದು ನಾನು ಒಪ್ಪುವುದಿಲ್ಲ.

ಕಡಿಮೆಯಾದ ಈಸ್ಟ್ರೋಜೆನ್ನನ್ನು ಜೆಲ್ ರೂಪದಲ್ಲಿ ಮೈಗೆ ತುಂಬಿಕೊಟ್ಟರೆ ಈ ಕಷ್ಟಗಳು ಬಹುಪಾಲು ತಗ್ಗುತ್ತವೆ. ಆದರೆ ಗರ್ಭಕೋಶ ಇರುವವರಿಗೆ ಈಸ್ಟ್ರೋಜೆನ್ ಒಂದನ್ನೇ ಕೊಡುವಂತಿಲ್ಲ. ಆಷಾಢದ ಮಳೆಗೆ ಅಂಗಳದಲ್ಲಿ ಹುಲ್ಲು ಏಳುವ ಹಾಗೆ, ಈಸ್ಟ್ರೋಜೆನ್ನಿಗೆ ಗರ್ಭಕೋಶದ ಒಳಪದರ ಬೆಳೆಯುತ್ತಲೇ ಹೋಗುತ್ತದೆ. ತಿಂಗಳುಗಟ್ಟಲೆ, ವರ್ಷಗಟ್ಟಲೆ ಹಾಗೆಯೇ ಬಿಟ್ಟರೆ ಅಲ್ಲಿ ಕ್ಯಾನ್ಸರ್ ಹುಟ್ಟುವ ಸಂಭವ ಏರುತ್ತದೆ. ಅಮೆರಿಕದಲ್ಲಿ ಹೆಂಗಸರಿಗೆ ಬರೀ ಈಸ್ಟ್ರೋಜೆನ್ ಮಾತ್ರೆ ಕೊಡುತ್ತಿದ್ದ ಕಾಲದಲ್ಲಿ, 1975ರಲ್ಲಿ ಇದು ಅಧ್ಯಯನಗಳಲ್ಲಿ ಬಯಲಾಯಿತು. ಅಂದಿನಿಂದ ಆ ಹುಲ್ಲನ್ನು ಹೆರೆಯಲು ಇನ್ನೊಂದು ಹಾರ್ಮೋನು, ಪ್ರೊಜೆಸ್ಟರಾನ್ ಗುಂಪಿನದು, ಜೊತೆಗೆ ಕೊಡುವುದು ರೂಢಿ. ಅದನ್ನು ರಾತ್ರಿ ಮಲಗುವಾಗ ನುಂಗುವ ಕ್ಯಾಪ್ಸೂಲಾಗಿಯೂ ತೆಗೆದುಕೊಳ್ಳಬಹುದು, ಒಮ್ಮೆ ಒಳಗೆ ಇರಿಸಿಕೊಳ್ಳುವ ವಂಕಿಯಾಗಿಯೂ ತೆಗೆದುಕೊಳ್ಳಬಹುದು.

ಆ ವಂಕಿಯನ್ನು ನಾನು ಅಂಗೈ ಮೇಲಿಟ್ಟು ನೋಡಿದ್ದೇನೆ. ಬಿಳಿ ಪ್ಲಾಸ್ಟಿಕ್ಕಿನ ಇಂಗ್ಲಿಷ್ ಟಿ ಅಕ್ಷರ, ಉದ್ದ 32 ಮಿಲಿಮೀಟರ್. ಹೆಬ್ಬೆರಳಿನ ಮೇಲಿನ ಗೆಣ್ಣಿಗಿಂತ ತುಸು ಉದ್ದ ಅಷ್ಟೇ. ಎರಡು ತೋಳುಗಳು ಮಡಚಿದರೆ ಮಡಚುತ್ತವೆ, ಬಿಟ್ಟರೆ ಅರಳುತ್ತವೆ. ಕಾಪರ್-ಟಿಯಲ್ಲಿ ತಾಮ್ರದ ತಂತಿ ಸುತ್ತಿರುವ ಜಾಗದಲ್ಲಿ ಇದಕ್ಕೆ ಬಿಳಿಯ ಸಣ್ಣ ಕೊಳವೆ, ಬುಡದಲ್ಲಿ ನೀವು ಗುಂಡಿ ಹೊಲಿಯುವ ದಾರದಂಥ ಎರಡು ಎಳೆ. ಆ ಕೊಳವೆಯೊಳಗೆ ಪ್ರೊಜೆಸ್ಟರಾನ್ ಗುಂಪಿನದೇ ಆದ ಲೆವೊನಾರ್ಜೆಸ್ಟ್ರೆಲ್ 52 ಮಿಲಿಗ್ರಾಂ ಇದೆ. ಶುರುವಿನಲ್ಲಿ ದಿನಕ್ಕೆ 20 ಮೈಕ್ರೊಗ್ರಾಂನಷ್ಟು, ಅಂದರೆ ಒಂದು ಮಿಲಿಗ್ರಾಂನ ಐವತ್ತನೇ ಒಂದು ಪಾಲು, ಒಳಪದರದ ಮೇಲೆಯೇ ಜಿನುಗುತ್ತದೆ. ಬೇಕಾದ ಜಾಗಕ್ಕೇ ಔಷಧಿ ಬೀಳುವುದರಿಂದ ರಕ್ತಕ್ಕೆ ಸೇರುವುದು ಬಹಳ ಕಡಿಮೆ. ಇದನ್ನು ರೂಪಿಸಿದವರು ಫಿನ್ಲೆಂಡಿನ ವೈದ್ಯ ತಪಾನಿ ಲುಕ್ಕಾಯ್ನೆನ್. 1990ರಲ್ಲಿ ಆ ದೇಶದಲ್ಲೇ ಮೊದಲು ಮಾರಾಟಕ್ಕೆ ಬಂತು. ಬಸಿರು ತಡೆಯಲೆಂದೇ ಬಂದರೂ, ಅತಿಯಾಗಿ ಹೋಗುವ ಮುಟ್ಟನ್ನು ಇದು ತೀರಾ ಕಡಿಮೆ ಮಾಡುತ್ತದೆ. ಹತ್ತು ದಿನ ನಿಲ್ಲದೆ ಹೋಗುತ್ತದೆ ಎಂದಿರಲ್ಲ, ನಿಮ್ಮ ಡಾಕ್ಟರು ಕ್ಯಾಪ್ಸೂಲ್ ಬಿಟ್ಟು ವಂಕಿ ಹೇಳಿದ್ದು ಅದಕ್ಕೇ ಇರಬೇಕು. ಒಂದೇ ಸಾಮಾನಿನಲ್ಲಿ ಎರಡು ಕೆಲಸ.

ಇಲ್ಲಿ ಒಂದು ಕಡೆ ಎಡವಬೇಡಿ. ಮಣಿಪಾಲ ದೂರವಾಯಿತು, ವಂಕಿ ತಾನೇ, ಇಲ್ಲೇ ಹಾಕಿಸಿಕೊಂಡರಾಯಿತು ಎಂದು ಸರ್ಕಾರದ ಉಚಿತ ಕಾಪರ್-ಟಿ ಹಾಕಿಸಿಕೊಂಡು ಜೆಲ್ ಹಚ್ಚಲು ಶುರು ಮಾಡಬಾರದು. ತಾಮ್ರದ ವಂಕಿಯಲ್ಲಿ ಹಾರ್ಮೋನೇ ಇಲ್ಲ, ಒಳಪದರಕ್ಕೆ ಅದರಿಂದ ರಕ್ಷಣೆ ಸಿಗದು, ರಕ್ತಸ್ರಾವವೂ ಹೆಚ್ಚಬಹುದು. ಚೀಟಿಯಲ್ಲಿ "52 ಮಿಲಿಗ್ರಾಂ ಲೆವೊನಾರ್ಜೆಸ್ಟ್ರೆಲ್" ಎಂದೇ ಬರೆಸಿಕೊಳ್ಳಿ. ಬಾಯರ್ ಕಂಪನಿಯ ಮಿರೇನಾ ಹೆಸರುವಾಸಿ, ಸರ್ಕಾರಿ ಸ್ವಾಮ್ಯದ ಎಚ್‌ಎಲ್‌ಎಲ್ ಸಂಸ್ಥೆಯ ಎಮಿಲಿಯೂ ಇದೆ. ಬೆಲೆಯಲ್ಲಿ ವ್ಯತ್ಯಾಸವಿರುತ್ತದೆ, ಎರಡರದ್ದೂ ಕೇಳಿ. ಕೇಳಲು ನಾಚಿಕೆ ಬೇಡ.

ಈಗ ಕ್ಯಾನ್ಸರಿನ ಹೆದರಿಕೆ. ಪಕ್ಕದ ಮನೆಯವರು ಹೇಳಿದ್ದು ಪೂರಾ ಸುಳ್ಳಲ್ಲ. ಅಮೆರಿಕದಲ್ಲಿ 16,608 ಹೆಂಗಸರ ಮೇಲೆ ನಡೆಯುತ್ತಿದ್ದ ದೊಡ್ಡ ಅಧ್ಯಯನವೊಂದನ್ನು 2002ರ ಜುಲೈನಲ್ಲಿ ಅರ್ಧಕ್ಕೇ ನಿಲ್ಲಿಸಿದರು. ಎರಡೂ ಹಾರ್ಮೋನು ಸೇರಿದ ಮಾತ್ರೆ ನುಂಗಿದವರಲ್ಲಿ, ನುಂಗದವರಿಗೆ ಹೋಲಿಸಿದರೆ, ವರ್ಷಕ್ಕೆ ಹತ್ತು ಸಾವಿರಕ್ಕೆ ಎಂಟು ಮಂದಿಯಷ್ಟು ಹೆಚ್ಚಿಗೆ ಸ್ತನ ಕ್ಯಾನ್ಸರ್ ಕಂಡಿತು. ಸುದ್ದಿ ಜಗತ್ತಿಡೀ ಹಬ್ಬಿ ಎಷ್ಟೋ ಹೆಂಗಸರು, ಡಾಕ್ಟರುಗಳು ಹಾರ್ಮೋನನ್ನೇ ಬಿಟ್ಟರು. ಆ ಅಧ್ಯಯನದಲ್ಲಿದ್ದವರ ಸರಾಸರಿ ವಯಸ್ಸು 63, ಕೊಟ್ಟದ್ದು ಹಳೆಯ ಬಗೆಯ ನುಂಗುವ ಮಾತ್ರೆ. ನಿಮ್ಮ ವಯಸ್ಸು, ನಿಮ್ಮ ಔಷಧಿ ಎರಡೂ ಬೇರೆ. ಚರ್ಮಕ್ಕೆ ಹಚ್ಚುವ ಈಸ್ಟ್ರೋಜೆನ್, ವಾಡಿಕೆಯ ಪ್ರಮಾಣದಲ್ಲಿ, ಮಾತ್ರೆಯ ಹಾಗೆ ರಕ್ತ ಹೆಪ್ಪುಗಟ್ಟಿಸುವ ಅಪಾಯ ತರುವುದಿಲ್ಲ. ಹಾಗೆಂದು ವಂಕಿ ಇದ್ದರೆ ಸ್ತನಕ್ಕೆ ಏನೇನೂ ಆಗದು ಎಂದು ನಾನು ಭರವಸೆ ಕೊಡಲಾರೆ. ವಂಕಿ ಕಾಯುವುದು ಗರ್ಭಕೋಶವನ್ನು. ಸ್ತನದ ಪರೀಕ್ಷೆಯನ್ನು ಡಾಕ್ಟರು ಹೇಳಿದ ಕಾಲಕ್ಕೆ ತಪ್ಪದೆ ಮಾಡಿಸಿಕೊಳ್ಳಬೇಕು. ನಿಮಗೆ ಸ್ತನ ಕ್ಯಾನ್ಸರ್ ಆಗಿದ್ದರೆ, ಕಾಲಿನಲ್ಲೋ ಶ್ವಾಸಕೋಶದಲ್ಲೋ ರಕ್ತ ಹೆಪ್ಪುಗಟ್ಟಿದ್ದರೆ, ಹೃದಯಾಘಾತವೋ ಪಾರ್ಶ್ವವಾಯುವೋ ಆಗಿದ್ದರೆ, ಲಿವರ್ ಕಾಯಿಲೆ ಇದ್ದರೆ ಅದನ್ನು ಮೊದಲೇ ಹೇಳಿ. ತಾಯಿಗೋ ಅಕ್ಕತಂಗಿಯರಿಗೋ ಸ್ತನ ಕ್ಯಾನ್ಸರ್ ಆಗಿದ್ದರೆ ಅದನ್ನೂ ಬಿಡದೆ ಹೇಳಿ. ರಕ್ತ ಯಾಕೆ ಹೋಗುತ್ತಿದೆ ಎಂದು ತಿಳಿಯದೆ ಇದನ್ನೆಲ್ಲ ಶುರು ಮಾಡಬಾರದು. ನಿಮ್ಮ ಡಾಕ್ಟರು ಚೂರು ತೆಗೆದು ಪರೀಕ್ಷೆ ಮಾಡಿಸಿಯೇ ಮುಂದಿನ ಮಾತಾಡಿದ್ದು ನನಗೆ ಸಮಾಧಾನ ತಂದಿತು.

ನಾದಿನಿಯವರು ಪ್ರೀತಿಯಿಂದಲೇ ಹೇಳಿದ್ದಾರೆ. ಅವರಿಗೆ ಬೇರೆ ಕಾರಣವಿದ್ದಿರಬಹುದು, ನಾನು ಅದರ ಬಗ್ಗೆ ಏನೂ ಹೇಳುವುದಿಲ್ಲ. ನಿಮ್ಮ ಮಟ್ಟಿಗೆ ಮಾತ್ರ ಅವಸರ ಬೇಡ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ. ಗರ್ಭಕೋಶ ತೆಗೆಸಿದರೆ ಮುಟ್ಟು ನಿಲ್ಲುತ್ತದೆ, ಮೈ ಕಾವು ನಿಲ್ಲುವುದಿಲ್ಲ. ಜೊತೆಗೆ ಅಂಡಾಶಯವನ್ನೂ ತೆಗೆದರಂತೂ ನಿಧಾನವಾಗಿ ಆಗಬೇಕಾದದ್ದು ರಾತ್ರೋರಾತ್ರಿ ಆಗಿ ಕಾವು ಇನ್ನೂ ಜೋರಾಗುತ್ತದೆ. ಕಲಬುರಗಿ ಕಡೆಯ ತಾಂಡಾಗಳ ಬಡ ಹೆಂಗಸರು ಹೊಟ್ಟೆನೋವು, ಬಿಳಿಸೆರಗು ಎಂದು ಹೋದರೆ ಗರ್ಭಕೋಶವನ್ನೇ ತೆಗೆದು ಕಳಿಸಿದ ಸಂಗತಿ 2015ರಲ್ಲಿ ಬೆಳಕಿಗೆ ಬಂದದ್ದು ನಿಮಗೆ ನೆನಪಿರಬಹುದು. ಹೀಗೆ ಬೇಡದ ಶಸ್ತ್ರಚಿಕಿತ್ಸೆ ತಡೆಯುವ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಜಾರಿಗೆ ತರಬೇಕೆಂದು ಸುಪ್ರೀಂ ಕೋರ್ಟೇ 2023ರ ಏಪ್ರಿಲಿನಲ್ಲಿ ಹೇಳಬೇಕಾಯಿತು. ಪರೀಕ್ಷೆಯಲ್ಲಿ ಕೆಟ್ಟದ್ದಿಲ್ಲ ಎಂದು ಬಂದಿರುವಾಗ, ಔಷಧಿಯಲ್ಲಿ ಹಿಡಿತಕ್ಕೆ ಬರಬಹುದಾದದ್ದಕ್ಕೆ ಹೊಟ್ಟೆ ಕೊಯ್ಸಿಕೊಳ್ಳುವುದು ಯಾಕೆ?

ವಂಕಿಯ ಕಷ್ಟಗಳನ್ನೂ ಮುಚ್ಚಿಡುವುದಿಲ್ಲ. ಹಾಕುವಾಗ ಮುಟ್ಟಿನ ನೋವಿನಂಥ ಹಿಂಡುವ ನೋವು ಬರುತ್ತದೆ, ಕೆಲವರಿಗೆ ಅದು ಜೋರಾಗಿಯೇ ಇರುತ್ತದೆ. ನೋವು ಕಡಿಮೆ ಮಾಡಲು ಏನು ಕೊಡುತ್ತೀರಿ ಎಂದು ಮೊದಲೇ ಕೇಳಿ. ಇಪ್ಪತ್ತರಲ್ಲಿ ಒಬ್ಬರಿಗೆ ಅದು ತಾನಾಗಿ ಹೊರಗೆ ಬಂದುಬಿಡುವುದುಂಟು. ಗರ್ಭಕೋಶದ ಗೋಡೆಗೆ ಚುಚ್ಚಿಕೊಳ್ಳುವುದು ಸಾವಿರಕ್ಕೆ ಒಂದೆರಡು. ಹೆಚ್ಚಿನವರನ್ನು ಸತಾಯಿಸುವುದು ಮೊದಲ ಮೂರರಿಂದ ಆರು ತಿಂಗಳು ಆಗಾಗ ಕಾಣುವ ರಕ್ತದ ಕಲೆ. ನಮ್ಮ ಊರುಗಳಲ್ಲಿ ಇದು ಬರೀ ಬಟ್ಟೆಯ ತೊಂದರೆಯಾಗಿ ಉಳಿಯುವುದಿಲ್ಲ. ಇಡಗುಂಜಿ ದೇವರಿಗೆ ಹರಕೆ ಹೇಳಿಕೊಂಡವರು, ಮನೆಯಲ್ಲಿ ದೇವರ ಕಾರ್ಯ ಇಟ್ಟುಕೊಂಡವರು, ಭಟ್ಕಳದಲ್ಲಿ ರಂಜಾನ್ ಉಪವಾಸ ಹಿಡಿಯುವವರು, ಎಲ್ಲರೂ ನನ್ನ ಹತ್ತಿರ ಇದನ್ನೇ ಕೇಳಿದ್ದಾರೆ: "ಅಕ್ಕಾ, ಕಲೆ ಕಂಡರೆ ಮುಟ್ಟು ಅಂತಲೇ ಲೆಕ್ಕವಾ?" ಆ ಲೆಕ್ಕ ನಿಮ್ಮ ನಂಬಿಕೆಗೆ, ನಿಮ್ಮ ಹಿರಿಯರಿಗೆ ಬಿಟ್ಟದ್ದು. ನಾನು ಹೇಳುವುದಿಷ್ಟೇ, ಮುಂದಿನ ಆರು ತಿಂಗಳಲ್ಲಿ ಮನೆಯಲ್ಲಿ ಮದುವೆಯೋ ವ್ರತವೋ ಇದ್ದರೆ ಅದನ್ನು ನೋಡಿಕೊಂಡು ದಿನ ಗೊತ್ತು ಮಾಡಿ. ಆಮೇಲೆ ಕಲೆ ನಿಲ್ಲುತ್ತಾ ಬಂದು, ಎಷ್ಟೋ ಜನರಿಗೆ ಮುಟ್ಟೇ ನಿಂತುಹೋಗುತ್ತದೆ. ಒಳಪದರ ತೆಳುವಾಗಿರುವುದರಿಂದ ಆಚೆ ಹೋಗಲು ಏನೂ ಇರುವುದಿಲ್ಲ, ಕೆಟ್ಟ ರಕ್ತ ಒಳಗೇ ಕಟ್ಟಿಕೊಳ್ಳುತ್ತದೆ ಎಂಬುದು ಸುಳ್ಳು. ಆರು ತಿಂಗಳ ಮೇಲೂ ರಕ್ತ ಹೋಗುತ್ತಿದ್ದರೆ, ನಿಂತದ್ದು ಮತ್ತೆ ಶುರುವಾದರೆ ಮಾತ್ರ ಕಾಯದೆ ತೋರಿಸಿ.

ಜೆಲ್ಲನ್ನು ಸ್ನಾನ ಮಾಡಿ, ಮೈ ಚೆನ್ನಾಗಿ ಒರೆಸಿಕೊಂಡು, ಫ್ಯಾನ್ ಹಾಕಿ ಬೆವರು ಆರಿದ ಮೇಲೆ ಹಚ್ಚಿ. ಅದು ಒಣಗುವ ತನಕ ಮಕ್ಕಳು ಆ ಜಾಗಕ್ಕೆ ತಾಗದಿರಲಿ. ಎದೆಗೆ ಮಾತ್ರ ಹಚ್ಚಬಾರದು. ಎಷ್ಟು ಹಚ್ಚಬೇಕೆಂಬುದು ಡಾಕ್ಟರ ಲೆಕ್ಕ, ನಾನು ಆಪ್ತಸಮಾಲೋಚಕಿ, ಅದರಲ್ಲಿ ಕೈಹಾಕುವುದಿಲ್ಲ. ಎಲ್ಲ ಔಷಧಿ ಅಂಗಡಿಯಲ್ಲೂ ಇದು ಇಟ್ಟಿರುವುದಿಲ್ಲ, ಮುಗಿಯುವ ವಾರ ಮೊದಲೇ ತರಿಸಲು ಹೇಳಿ.

ಇನ್ನು ಆಸ್ಪತ್ರೆಯ ದೂರದ ಮಾತು. ನಮ್ಮ ಜಿಲ್ಲೆಗೊಂದು ಸುಸಜ್ಜಿತ ಆಸ್ಪತ್ರೆ ಬೇಕೆಂದು ಜನ ಎಷ್ಟು ವರ್ಷದಿಂದ ಕೂಗುತ್ತಿದ್ದಾರೆ! 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬುಲೆನ್ಸ್ ಶಿರೂರು ಟೋಲ್‌ಗೇಟಿನಲ್ಲಿ ಮಗುಚಿದ ದೃಶ್ಯ ನಮ್ಮ ಕಣ್ಣಿಂದ ಇನ್ನೂ ಹೋಗಿಲ್ಲ. ಭಟ್ಕಳದವರಿಗೇ ಮಣಿಪಾಲ ತೊಂಬತ್ತು ಕಿಲೋಮೀಟರ್ ಆಸುಪಾಸು, ನಿಮಗೆ ಇನ್ನೂ ದೂರ. ಹಾಗಾಗಿ ವಂಕಿ ಹಾಕಲು ನುರಿತ ಹೆಣ್ಣು ಡಾಕ್ಟರು ಹೊನ್ನಾವರ, ಕುಮಟೆಯಲ್ಲೇ ಸಿಗುತ್ತಾರೆಯೇ ಎಂದು ನಿಮ್ಮ ಮಣಿಪಾಲದ ಡಾಕ್ಟರನ್ನೇ ಕೇಳಿ, ಚೀಟಿ ಬರೆಸಿಕೊಳ್ಳಿ. ಹಾಕಿದ ಕೆಲ ವಾರಕ್ಕೆ ಒಮ್ಮೆ ತೋರಿಸಬೇಕು, ಅದು ಹತ್ತಿರವಾದರೆ ಒಳ್ಳೆಯದು.

ಮನೆಯವರನ್ನು ಈ ಸಲ ಜೊತೆಗೆ ಕರೆದುಕೊಂಡು ಹೋಗಿ. ಹೊರಗಿನ ಬೆಂಚಿನ ಮೇಲೆ ಕೂರಿಸಬೇಡಿ, ಡಾಕ್ಟರ ಕೋಣೆಯೊಳಗೇ ಕರೆಯಿರಿ. ಅತ್ತೆ ಕೇಳಿದ ಅದೇ ಪ್ರಶ್ನೆಯನ್ನು ಗಂಡನ ಎದುರಲ್ಲೇ ಡಾಕ್ಟರಿಗೆ ಕೇಳಿ. ವಂಕಿಯನ್ನು ಅವರ ಕೈಗೂ ಕೊಟ್ಟು ತೋರಿಸಲು ಹೇಳಿ. ಬರುವಾಗ ಬಸ್ಸಿನಲ್ಲಿ, ರಾತ್ರಿ ನೀವು ಎದ್ದು ಕೂತಾಗ ನಿಮಗೆ ಏನಾಗುತ್ತದೆ ಎಂದು ನೀವೇ ಅವರಿಗೆ ಹೇಳಿ. ಪಕ್ಕದಲ್ಲೇ ಮಲಗಿದ್ದರೂ ಅವರಿಗೆ ಗೊತ್ತಿರಲಿಕ್ಕಿಲ್ಲ. ಒಪ್ಪಿಗೆ ಕೇಳುವ ದನಿ ಬೇಡ, ತಿಳಿಸುವ ದನಿ ಸಾಕು. ಇಷ್ಟಾದ ಮೇಲೂ ವಂಕಿ ಬೇಡವೆಂದು ನಿಮಗೇ ಅನ್ನಿಸಿದರೆ ಕ್ಯಾಪ್ಸೂಲಿನ ದಾರಿ ಇದೆ. ಹಾಕಿಸಿಕೊಂಡ ಮೇಲೂ ಒಗ್ಗದಿದ್ದರೆ ದಾರ ಹಿಡಿದು ತೆಗೆಯುವುದು ಕೆಲವೇ ನಿಮಿಷದ ಕೆಲಸ. ಆದರೆ ತೆಗೆಸಿದ ದಿನವೇ ಬದಲಿ ಕ್ಯಾಪ್ಸೂಲ್ ಬರೆಸಿಕೊಳ್ಳಬೇಕು, ಜೆಲ್ ಒಂದನ್ನೇ ಮುಂದುವರಿಸಬಾರದು.

ಹಾರ್ಮೋನು ಚಿಕಿತ್ಸೆಯ ಭಾಗವಾಗಿ ಹಾಕಿದ ವಂಕಿಯನ್ನು ಐದು ವರ್ಷಕ್ಕೆ ಬದಲಿಸಬೇಕು. ಬಸಿರು ತಡೆಯಲು ಹಾಕಿದರೆ ಎಂಟು ವರ್ಷ ನಡೆಯುತ್ತದೆ ಎಂದು ಯಾರಾದರೂ ಹೇಳಬಹುದು, ನಿಮಗೆ ಆ ಲೆಕ್ಕ ಹಿಡಿಯುವುದಿಲ್ಲ. ಗೋಡೆಯ ಕ್ಯಾಲೆಂಡರ್ ವರ್ಷಕ್ಕೊಮ್ಮೆ ಬದಲಾಗುತ್ತದೆ, ಅದರಲ್ಲಿ ಬರೆದರೆ ಉಳಿಯದು. ಆಸ್ಪತ್ರೆಯಲ್ಲಿ ಕೊಡುವ ಕಾರ್ಡನ್ನು ಫೈಲಿನಲ್ಲಿಡಿ. ತೆಗೆಸಬೇಕಾದ ತಿಂಗಳು, ವರ್ಷವನ್ನು ನಿಮ್ಮ ಹೊಲಿಗೆಯ ಅಳತೆ ಪುಸ್ತಕದ ಮೊದಲ ಪುಟದಲ್ಲಿ ದಪ್ಪ ಅಕ್ಷರದಲ್ಲಿ ಬರೆದು, ಮಗಳಿಗೂ ಒಂದು ಮಾತು ಹೇಳಿಡಿ.